ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಎಷ್ಟು? ಫರ್ಮಿ, ಫೆಮ್ಟೋಮೀಟರ್ ಮತ್ತು ಬಾರ್ನ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ದ್ವಿತೀಯ ಪಿಯುಸಿ ಪಠ್ಯದ ಪರಮಾಣುಗಳ ಅಧ್ಯಾಯದಲ್ಲಿ, ಆಲ್ಫಾ ಕಣವು ಚಿನ್ನದ ನ್ಯೂಕ್ಲಿಯಸ್ಸಿಗೆ 30 ಫರ್ಮಿಯಷ್ಟು ಹತ್ತಿರ ಬರಬಲ್ಲದು ಎಂದು ಲೆಕ್ಕ ಮಾಡಿಸಿ, ಆ ನ್ಯೂಕ್ಲಿಯಸ್ಸಿನ ನಿಜವಾದ ತ್ರಿಜ್ಯ 6 ಫರ್ಮಿ ಎಂದು ಹೇಳಲಾಗಿದೆ. ಮುಂದಿನ ಅಧ್ಯಾಯದ ಸೂತ್ರವನ್ನು ಅದೇ ಚಿನ್ನಕ್ಕೆ ಹಾಕಿದರೆ 7 ಬರುತ್ತದೆ. ಒಂದು ಕೋಷ್ಟಕದಲ್ಲಿ 5.4 ಎಂದಿದೆ. ‘ಯಾವುದು ಸರಿ, ಮೇಡಂ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನನಗೆ ತೃಪ್ತಿಕರವಾದ ಉತ್ತರ ಕೊಡಲಾಗಲಿಲ್ಲ. ಇದರ ಜೊತೆಗೆ ಒಂದು ಪುಸ್ತಕದಲ್ಲಿ ಫರ್ಮಿ, ಇನ್ನೊಂದರಲ್ಲಿ ಫೆಮ್ಟೋಮೀಟರ್, ಹಳೆಯದೊಂದರಲ್ಲಿ 10⁻¹³ ಸೆಂಟಿಮೀಟರ್, ಮತ್ತೆಲ್ಲೋ ಬಾರ್ನ್ ಎಂದು ಬಳಸಿರುವುದನ್ನು ನೋಡಿದ್ದೇನೆ. ಫರ್ಮಿ ರದ್ದಾದ ಏಕಮಾನವೆಂದೂ ಅದನ್ನು ಬರೆದರೆ ಅಂಕ ಹೋಗುತ್ತದೆಂದೂ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಪ್ರೋಟಾನಿನ ಗಾತ್ರ ಕುಗ್ಗಿದೆ ಎಂಬ ಸುದ್ದಿಯನ್ನೂ ಓದಿದ್ದೆ. ನಾನು ಇಷ್ಟು ವರ್ಷ ತಪ್ಪು ಹೇಳಿಕೊಡುತ್ತಿದ್ದೇನೆಯೇ?

ಉತ್ತರ: ನೀವು ತಪ್ಪು ಹೇಳಿಕೊಟ್ಟಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು, ಅಳತೆಯನ್ನು ಯಾವ ಹೆಸರಿನಲ್ಲಿ ಬರೆಯಬೇಕು ಎಂಬುದು. ಇದು ಸುಲಭವಾಗಿ ಪರಿಹಾರವಾಗುವಂಥದ್ದು. ಎರಡನೆಯದು, ಒಂದೇ ವಸ್ತುವಿಗೆ ಮೂರ್ನಾಲ್ಕು ಅಳತೆಗಳು ಏಕೆ ಎಂಬುದು. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಎರಡನೆಯದನ್ನು. ಇಪ್ಪತ್ತನೆಯ ಶತಮಾನದ ನ್ಯೂಕ್ಲಿಯರ್ ಭೌತಶಾಸ್ತ್ರದ ದೊಡ್ಡ ಭಾಗವೊಂದು ಆ ಪ್ರಶ್ನೆಯ ಬೆನ್ನು ಹತ್ತಿಯೇ ನಡೆದಿದೆ. ಆದ್ದರಿಂದ ಹೆಸರಿನ ವಿಷಯವನ್ನು ಬೇಗ ಮುಗಿಸಿ ಅದರತ್ತ ಬರುತ್ತೇನೆ.

ಒಂದು ಫರ್ಮಿ ಎಂದರೆ ಒಂದು ಫೆಮ್ಟೋಮೀಟರ್, ಅಂದರೆ 10⁻¹⁵ ಮೀಟರ್. ಇವೆರಡರ ನಡುವೆ ದಶಮಾಂಶದ ಯಾವ ಸ್ಥಾನದಲ್ಲಿಯೂ ವ್ಯತ್ಯಾಸವಿಲ್ಲ. ಎನ್ರಿಕೊ ಫರ್ಮಿ 1954ರಲ್ಲಿ ತೀರಿಕೊಂಡರು. 1956ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಹಾಫ್‌ಸ್ಟಾಟರ್, ನ್ಯೂಕ್ಲಿಯಸ್ಸುಗಳ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ ಮಾಡಿದ ಪ್ರಯೋಗಗಳನ್ನು ವಿವರಿಸುವ ಒಂದು ದೀರ್ಘ ಲೇಖನದಲ್ಲಿ, ಆವರೆಗೆ 10⁻¹³ ಸೆಂಟಿಮೀಟರ್ ಎಂದು ಬರೆಯುತ್ತಿದ್ದ ಉದ್ದಕ್ಕೆ ಫರ್ಮಿಯವರ ಹೆಸರನ್ನಿಡುವಂತೆ ಸೂಚಿಸಿದರು. ‘ಫೆಮ್ಟೊ’ ಎಂಬ ಪೂರ್ವಪ್ರತ್ಯಯವು ಅಂತರರಾಷ್ಟ್ರೀಯ ಏಕಮಾನ ಪದ್ಧತಿಗೆ ಅಧಿಕೃತವಾಗಿ ಸೇರಿದ್ದು 1964ರಲ್ಲಿ, ಅಂದರೆ ಫರ್ಮಿ ಎಂಬ ಹೆಸರು ಬಳಕೆಗೆ ಬಂದು ಎಂಟು ವರ್ಷಗಳ ನಂತರ. ಎರಡರ ಸಂಕೇತವೂ ಇಂಗ್ಲಿಷಿನ ಸಣ್ಣ ಅಕ್ಷರದ ‘ಎಫ್’ ಮತ್ತು ‘ಎಂ’ ಆಗಿಬಿಟ್ಟಿದ್ದರಿಂದ ಯಾರೂ ಬರವಣಿಗೆಯನ್ನು ಬದಲಿಸಬೇಕಾಗಲಿಲ್ಲ. ಹೀಗಾಗಿ ಫರ್ಮಿ ಅಧಿಕೃತ ಪದ್ಧತಿಯ ಏಕಮಾನವಲ್ಲ ಎಂಬ ನಿಮ್ಮ ಸಹೋದ್ಯೋಗಿಯ ಮಾತು ನಿಜ. ಆದರೆ ಅದು ತಪ್ಪು ಏಕಮಾನ ಎಂಬುದು ನಿಜವಲ್ಲ. ಪ್ರಯೋಗಾಲಯಗಳಲ್ಲಿ ಮಾತಿನಲ್ಲಿ ‘ಫರ್ಮಿ’ ಎಂದು, ಪ್ರಬಂಧದಲ್ಲಿ ಸಂಕೇತ ಬರೆದು, ವಿಸ್ತರಿಸಬೇಕಾದಾಗ ‘ಫೆಮ್ಟೋಮೀಟರ್’ ಎಂದು ಬರೆಯುವುದು ಇಂದಿಗೂ ರೂಢಿ. ನಿಮ್ಮ ಪಠ್ಯಪುಸ್ತಕವೇ ಫರ್ಮಿ ಎಂಬ ಹೆಸರನ್ನು ಬಳಸಿರುವಾಗ ವಿದ್ಯಾರ್ಥಿಯ ಉತ್ತರದಲ್ಲಿ ಅದಕ್ಕೆ ಅಂಕ ಕಳೆಯಲು ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದು 100ನೇ ಧಾತುವಾದ ಫರ್ಮಿಯಮ್ಮಿನ ಸಂಕೇತವಾಗುತ್ತದೆ.

ಈಗ ಚಿನ್ನಕ್ಕೆ ಬರೋಣ. ನೀವು ಪಟ್ಟಿ ಮಾಡಿದ 30, 7, 6, 5.4 ಎಂಬ ನಾಲ್ಕು ಸಂಖ್ಯೆಗಳಲ್ಲಿ ಯಾವುದೂ ತಪ್ಪಲ್ಲ, ಏಕೆಂದರೆ ಅವು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ.

ಮೂವತ್ತು ತ್ರಿಜ್ಯವೇ ಅಲ್ಲ. 7.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿಯ ಆಲ್ಫಾ ಕಣವು ಚಿನ್ನದ ನ್ಯೂಕ್ಲಿಯಸ್ಸಿನತ್ತ ನೇರವಾಗಿ ಸಾಗಿದರೆ, ಎರಡೂ ಧನ ವಿದ್ಯುದಾವೇಶ ಹೊಂದಿರುವುದರಿಂದ, ವಿಕರ್ಷಣೆಯ ವಿಭವಶಕ್ತಿಯು ಆ ಚಲನಶಕ್ತಿಗೆ ಸಮನಾದ ಜಾಗದಲ್ಲಿ ಅದು ನಿಂತು ಹಿಂದಿರುಗುತ್ತದೆ. ಆ ಜಾಗ ಕೇಂದ್ರದಿಂದ ಸುಮಾರು 29.5 ಫೆಮ್ಟೋಮೀಟರ್ ದೂರದಲ್ಲಿದೆ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕಂಡ ಚದರುವಿಕೆಯನ್ನು ರುದರ್‌ಫರ್ಡ್ 1911ರಲ್ಲಿ ಬಿಂದುವಿನಂತಹ ಆವೇಶ ಎಂಬ ಊಹೆಯಿಂದಲೇ ವಿವರಿಸಲು ಸಾಧ್ಯವಾಯಿತು. ಇದರಿಂದ ಅವರು ಖಚಿತವಾಗಿ ಹೇಳಬಹುದಾಗಿದ್ದು ಇಷ್ಟೇ: ನ್ಯೂಕ್ಲಿಯಸ್ಸು ಈ 30ಕ್ಕಿಂತ ಚಿಕ್ಕದು. ಅವರ ಆಲ್ಫಾ ಕಣಗಳು ಚಿನ್ನದ ನ್ಯೂಕ್ಲಿಯಸ್ಸನ್ನು ಮುಟ್ಟಿರಲೇ ಇಲ್ಲ. ಆದ್ದರಿಂದ ಪಠ್ಯದ 30 ಮತ್ತು 6ರ ನಡುವಿನ ಅಂತರವನ್ನು ಸಿದ್ಧಾಂತ ಮತ್ತು ಪ್ರಯೋಗದ ನಡುವಿನ ಹೊಂದಾಣಿಕೆಯ ಕೊರತೆ ಎಂದು ವಿದ್ಯಾರ್ಥಿಗಳು ತಿಳಿಯದಂತೆ ನೋಡಿಕೊಳ್ಳಿ. ಗರಿಷ್ಠ ಮಿತಿಯೊಂದು ನಿಜವಾದ ಬೆಲೆಗಿಂತ ದೊಡ್ಡದಾಗಿರುವುದರಲ್ಲಿ ಅಸಂಗತವಾದುದೇನೂ ಇಲ್ಲ.

ಉಳಿದ ಮೂರು ಸಂಖ್ಯೆಗಳು ನಿಜಕ್ಕೂ ತ್ರಿಜ್ಯಗಳೇ. ಅವು ಬೇರೆಯಾಗಲು ಕಾರಣ, ನ್ಯೂಕ್ಲಿಯಸ್ಸಿಗೆ ಒಂದು ಗೋಲಿಯಂತೆ ಕಡಿದಿಟ್ಟ ಅಂಚು ಇಲ್ಲದಿರುವುದು. ಹಾಫ್‌ಸ್ಟಾಟರ್ ಮತ್ತು ಅವರ ಸಂಗಡಿಗರು ಕೆಲವು ನೂರು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳನ್ನು ಬಳಸಿದ್ದೇ ಇದನ್ನು ಕಾಣುವುದಕ್ಕಾಗಿ. ಯಾವ ತರಂಗದಿಂದ ನೋಡುತ್ತೇವೆಯೋ ಅದರ ತರಂಗಾಂತರವು ನೋಡಬೇಕಾದ ವಸ್ತುವಿನ ಗಾತ್ರಕ್ಕೆ ಹೋಲಿಸುವಷ್ಟಾದರೂ ಚಿಕ್ಕದಿರಬೇಕು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 40 ರಿಂದ 70 ಕೋಟಿ ಫೆಮ್ಟೋಮೀಟರಿನಷ್ಟಿದೆ. 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನಿನದು ಸುಮಾರು 6.2 ಫೆಮ್ಟೋಮೀಟರ್. ಈ ಎಲೆಕ್ಟ್ರಾನುಗಳು ಯಾವ ಯಾವ ಕೋನಕ್ಕೆ ಎಷ್ಟೆಷ್ಟು ಚದರುತ್ತವೆ ಎಂಬುದನ್ನು ಎಣಿಸಿ, ವಿದ್ಯುದಾವೇಶವು ಕೇಂದ್ರದಿಂದ ಹೊರಕ್ಕೆ ಹೇಗೆ ಹರಡಿದೆ ಎಂಬ ನಕ್ಷೆಯನ್ನು ಪಡೆಯಬಹುದು. ಚಿನ್ನದ ನಕ್ಷೆ ಹೀಗಿದೆ: ಒಳಭಾಗದಲ್ಲಿ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಸಮ, ಸುಮಾರು 5.2 ಫೆಮ್ಟೋಮೀಟರಿನ ಹೊತ್ತಿಗೆ ಅದು ಶೇ. 90ಕ್ಕೆ, 6.4ರ ಬಳಿ ಅರ್ಧಕ್ಕೆ, 7.6ರ ಸುಮಾರಿಗೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಅಂಚೇ ಎರಡು ಫೆಮ್ಟೋಮೀಟರಿಗಿಂತ ದಪ್ಪ.

ಇಂತಹ ವಸ್ತುವಿಗೆ ತ್ರಿಜ್ಯ ಹೇಳಬೇಕಾದರೆ ಮೊದಲು ಒಂದು ಒಪ್ಪಂದ ಬೇಕು. ಸಾಂದ್ರತೆ ಅರ್ಧಕ್ಕಿಳಿಯುವ ಜಾಗವನ್ನು ತ್ರಿಜ್ಯ ಎಂದು ಕರೆದರೆ ಚಿನ್ನಕ್ಕೆ 6.4 ಸಿಗುತ್ತದೆ, ಪಠ್ಯದ 6 ಇದಕ್ಕೆ ಹತ್ತಿರದ್ದು. ಪ್ರತಿಯೊಂದು ಆವೇಶದ ತುಣುಕು ಕೇಂದ್ರದಿಂದ ಎಷ್ಟು ದೂರವಿದೆ ಎಂಬುದರ ವರ್ಗಗಳ ಸರಾಸರಿ ತೆಗೆದು ಅದರ ವರ್ಗಮೂಲವನ್ನು ತೆಗೆದುಕೊಂಡರೆ 5.4 ಬರುತ್ತದೆ, ಕೋಷ್ಟಕಗಳು ಕೊಡುವುದು ಸಾಮಾನ್ಯವಾಗಿ ಇದನ್ನೇ, ಏಕೆಂದರೆ ಚದರುವಿಕೆಯ ಪ್ರಯೋಗದಿಂದ ಅತ್ಯಂತ ನೇರವಾಗಿ, ಅಂಚಿನ ಆಕಾರದ ಬಗೆಗಿನ ಊಹೆಗಳನ್ನು ಹೆಚ್ಚು ನೆಚ್ಚಿಕೊಳ್ಳದೆ ಸಿಗುವುದು ಇದೇ. ಇನ್ನು ದ್ರವ್ಯರಾಶಿ ಸಂಖ್ಯೆಯ ಘನಮೂಲವನ್ನು 1.2 ಫೆಮ್ಟೋಮೀಟರಿನಿಂದ ಗುಣಿಸುವ ಸೂತ್ರವು, ನ್ಯೂಕ್ಲಿಯಸ್ಸು ಒಂದೇ ಸಾಂದ್ರತೆಯ, ಚೂಪಾದ ಅಂಚಿನ ಗೋಳವಾಗಿದ್ದರೆ ಅದರ ತ್ರಿಜ್ಯ ಎಷ್ಟಿರುತ್ತಿತ್ತು ಎಂದು ಹೇಳುತ್ತದೆ. 197ರ ಘನಮೂಲ 5.82, ಗುಣಿಸಿದರೆ 6.98.

ಈ ಕೊನೆಯ ಎರಡು ಬೆಲೆಗಳನ್ನು ತರಗತಿಯಲ್ಲಿಯೇ ಹೊಂದಿಸಿ ತೋರಿಸಬಹುದು, ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಏಕರೂಪ ಗೋಳದಲ್ಲಿ ವರ್ಗ ಸರಾಸರಿಯ ತ್ರಿಜ್ಯವು ಹೊರ ತ್ರಿಜ್ಯದ ಐದನೇ ಮೂರರ ವರ್ಗಮೂಲದಷ್ಟು, ಅಂದರೆ 0.775 ಪಟ್ಟು ಇರುತ್ತದೆ. ಇದನ್ನು ಸಾಧಿಸಲು ನಿಮ್ಮ ವಿದ್ಯಾರ್ಥಿಗಳು ಗಣಿತದಲ್ಲಿ ಕಲಿತಿರುವ ಸಮಾಕಲನವೇ ಸಾಕು. 6.98ನ್ನು 0.775ರಿಂದ ಗುಣಿಸಿದರೆ 5.41. ಕೋಷ್ಟಕದಲ್ಲಿರುವ ಸಂಖ್ಯೆಯೇ ಬಂತು! ಸೀಸ-208ಕ್ಕೂ ಇದನ್ನು ಮಾಡಿ ನೋಡಿ: ಸೂತ್ರದಿಂದ 7.11, ಅದರಿಂದ ವರ್ಗ ಸರಾಸರಿಯ ತ್ರಿಜ್ಯ 5.51, ಅಳೆದು ಪಡೆದ ಆವೇಶ ತ್ರಿಜ್ಯ 5.50. ಪಠ್ಯದ ಒಂದು ಸರಳ ಸೂತ್ರ ಇಷ್ಟು ಚೆನ್ನಾಗಿ ನಿಲ್ಲುವುದನ್ನು ಕಂಡ ವಿದ್ಯಾರ್ಥಿಗೆ ನ್ಯೂಕ್ಲಿಯಸ್ಸಿನ ಮೇಲೆ ವಿಶ್ವಾಸ ಹುಟ್ಟುತ್ತದೆ.

ಆದರೆ ಸೂತ್ರದ ಮಿತಿಯನ್ನೂ ಹೇಳಬೇಕಾಗುತ್ತದೆ. ಎಲೆಕ್ಟ್ರಾನು ಮುಖ್ಯವಾಗಿ ಕಾಣುವುದು ವಿದ್ಯುದಾವೇಶವನ್ನು, ಅಂದರೆ ಪ್ರೋಟಾನುಗಳನ್ನು. ನ್ಯೂಟ್ರಾನುಗಳು ಇನ್ನೂ ಸ್ವಲ್ಪ ಹೊರಗೆ ಚಾಚಿಕೊಂಡಿರಬಹುದು. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೀಸ-208ರ ನ್ಯೂಟ್ರಾನುಗಳ ಹರವು ಪ್ರೋಟಾನುಗಳದಕ್ಕಿಂತ ಸುಮಾರು 0.28 ಫೆಮ್ಟೋಮೀಟರ್ ಹೆಚ್ಚು ಎಂದು ಕಂಡುಬಂತು. ಅದರ ಅನಿಶ್ಚಿತತೆ 0.07ರಷ್ಟಿದೆ. ಹಗುರ ನ್ಯೂಕ್ಲಿಯಸ್ಸುಗಳಲ್ಲಿ ಸೂತ್ರ ಪೂರ್ತಿ ಕೈಕೊಡುವ ಉದಾಹರಣೆ ಲಿಥಿಯಂ-11. ಸೂತ್ರದಂತೆ ಅದರ ವರ್ಗ ಸರಾಸರಿ ತ್ರಿಜ್ಯ 2.1ರ ಆಸುಪಾಸಿನಲ್ಲಿ ಇರಬೇಕಿತ್ತು. 1985ರಲ್ಲಿ ಇಸಾವೊ ತನಿಹಾತ ಮತ್ತು ಸಂಗಡಿಗರು ಬರ್ಕ್ಲಿಯಲ್ಲಿ ಅಳೆದಾಗ ಅದು 3.3ರ ಸಮೀಪ ಬಂತು. ಅದರ ಕೊನೆಯ ಎರಡು ನ್ಯೂಟ್ರಾನುಗಳು ತೀರ ಸಡಿಲವಾಗಿ ಬಂಧಿತವಾಗಿ ದೂರಕ್ಕೆ ಹರಡಿಕೊಂಡಿರುತ್ತವೆ. ಪಿಯುಸಿ ಮಟ್ಟದಲ್ಲಿ ಇದನ್ನು ಪರೀಕ್ಷೆಗೆ ಕೇಳುವುದಿಲ್ಲ, ಆದರೆ ನಿಮಗೆ ಗೊತ್ತಿದ್ದರೆ ‘ಎಲ್ಲ ನ್ಯೂಕ್ಲಿಯಸ್ಸುಗಳ ಸಾಂದ್ರತೆಯೂ ಒಂದೇ’ ಎಂಬ ವಾಕ್ಯವನ್ನು ‘ಹೆಚ್ಚುಕಡಿಮೆ’ ಎಂಬ ಪದ ಸೇರಿಸಿ ಹೇಳುತ್ತೀರಿ.

ಪರಮಾಣುವು ನ್ಯೂಕ್ಲಿಯಸ್ಸಿನ ಒಂದು ಲಕ್ಷ ಪಟ್ಟು ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅದೂ ಧಾತುವನ್ನು ಅವಲಂಬಿಸಿ ಬದಲಾಗುತ್ತದೆ. ಹೈಡ್ರೋಜನ್ನಿನ ಬೋರ್ ತ್ರಿಜ್ಯ 0.529 ಆಂಗ್‌ಸ್ಟ್ರಾಮ್, ಅಂದರೆ ಸುಮಾರು 52,900 ಫೆಮ್ಟೋಮೀಟರ್, ಪ್ರೋಟಾನಿನದು 0.84, ಅನುಪಾತ ಅರವತ್ತು ಸಾವಿರಕ್ಕೂ ಹೆಚ್ಚು. ಚಿನ್ನದ ಪರಮಾಣುವಿನ ತ್ರಿಜ್ಯ 1.44 ಆಂಗ್‌ಸ್ಟ್ರಾಮ್, ನ್ಯೂಕ್ಲಿಯಸ್ಸಿನದು 7 ಫೆಮ್ಟೋಮೀಟರ್. ಅನುಪಾತ ಸುಮಾರು ಇಪ್ಪತ್ತು ಸಾವಿರ. ಒಂದೂವರೆ ಮಿಲಿಮೀಟರಿನ ರಾಗಿ ಕಾಳನ್ನು ಚಿನ್ನದ ನ್ಯೂಕ್ಲಿಯಸ್ಸು ಎಂದುಕೊಂಡರೆ, ಪರಮಾಣು ಮೂವತ್ತು ಮೀಟರ್ ಅಡ್ಡಳತೆಯ ಒಕ್ಕಣೆಯ ಕಣದಷ್ಟಾಗುತ್ತದೆ. ಪರಮಾಣುವಿನ ಗಾತ್ರಕ್ಕೆ ಆಂಗ್‌ಸ್ಟ್ರಾಮ್ ಅಥವಾ ಪಿಕೋಮೀಟರ್, ನ್ಯೂಕ್ಲಿಯಸ್ಸಿಗೆ ಫೆಮ್ಟೋಮೀಟರ್ ಎಂದು ಬೇರೆ ಬೇರೆ ಏಕಮಾನ ಇಟ್ಟುಕೊಂಡಿರುವುದು ಈ ಕಾರಣಕ್ಕೆ: ಎರಡೂ ಕಡೆ ಬೆರಳೆಣಿಕೆಯ ಸಂಖ್ಯೆಗಳು ಸಿಗಲಿ ಎಂದು.

ಬಾರ್ನ್ ಉದ್ದದ ಏಕಮಾನವಲ್ಲ, ವಿಸ್ತೀರ್ಣದ್ದು. 1942ರ ಡಿಸೆಂಬರಿನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಹಾಲೊವೆ ಮತ್ತು ಬೇಕರ್ ಎಂಬ ಭೌತವಿಜ್ಞಾನಿಗಳು ಯುದ್ಧಕಾಲದ ಸಂಶೋಧನೆಯ ನಡುವೆ ಈ ಹೆಸರಿಟ್ಟರು. ಒಂದು ಬಾರ್ನ್ ಎಂದರೆ 10⁻²⁸ ಚದರ ಮೀಟರ್, ಅಂದರೆ 100 ಚದರ ಫೆಮ್ಟೋಮೀಟರ್. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ: ಬಾರ್ನ್‌ನಲ್ಲಿ ಹೇಳುವ ಅಡ್ಡಛೇದವು (ಕಣವೊಂದು ನ್ಯೂಕ್ಲಿಯಸ್ಸಿನೊಡನೆ ಪ್ರತಿಕ್ರಿಯಿಸುವ ಸಾಧ್ಯತೆಯನ್ನು ವಿಸ್ತೀರ್ಣದ ರೂಪದಲ್ಲಿ ಹೇಳುವ ಅಳತೆ) ನ್ಯೂಕ್ಲಿಯಸ್ಸಿನ ಎದುರುಮುಖದ ವಿಸ್ತೀರ್ಣ ಎಂಬುದು. ಯುರೇನಿಯಮ್ಮಿಗೆ ಹಾಗೆ ಲೆಕ್ಕ ಹಾಕಿದರೆ, 7.4 ಫೆಮ್ಟೋಮೀಟರ್ ತ್ರಿಜ್ಯಕ್ಕೆ 1.7 ಬಾರ್ನ್ ಬರುತ್ತದೆ. ಆದರೆ ನಿಧಾನಗತಿಯ ಉಷ್ಣ ನ್ಯೂಟ್ರಾನುಗಳಿಂದ ಯುರೇನಿಯಂ-235 ವಿದಳನಗೊಳ್ಳುವ ಅಡ್ಡಛೇದ ಸುಮಾರು 585 ಬಾರ್ನ್. ಕ್ಸೆನಾನ್-135 ಇನ್ನೂ ಬೆರಗು ಹುಟ್ಟಿಸುವಂಥದ್ದು: ಅದರ ಎದುರುಮುಖದ ವಿಸ್ತೀರ್ಣ 1.2 ಬಾರ್ನ್ ಇದ್ದರೆ, ಉಷ್ಣ ನ್ಯೂಟ್ರಾನುಗಳನ್ನು ಹೀರುವ ಅಡ್ಡಛೇದ ಸುಮಾರು 26 ಲಕ್ಷ ಬಾರ್ನ್. ನಮ್ಮ ಕೈಗಾ ಸ್ಥಾವರವೂ ಸೇರಿದಂತೆ ಉಷ್ಣ ನ್ಯೂಟ್ರಾನುಗಳಿಂದ ನಡೆಯುವ ಯಾವುದೇ ರಿಯಾಕ್ಟರನ್ನು ನಿಲ್ಲಿಸಿ ಮತ್ತೆ ಆರಂಭಿಸುವಾಗ, ಒಳಗೆ ಶೇಖರವಾಗುವ ಈ ಒಂದು ಐಸೊಟೋಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗುತ್ತದೆ.

ಇಷ್ಟು ಚಿಕ್ಕ ವಸ್ತು ಅಷ್ಟು ದೊಡ್ಡ ಗುರಿಯಾಗುವುದು ಹೇಗೆ? ಕೋಣೆಯ ಉಷ್ಣತೆಯ ನ್ಯೂಟ್ರಾನಿನ ತರಂಗಾಂತರ 1.8 ಆಂಗ್‌ಸ್ಟ್ರಾಮ್, ಅಂದರೆ ಒಂದು ಲಕ್ಷದ ಎಂಬತ್ತು ಸಾವಿರ ಫೆಮ್ಟೋಮೀಟರ್. ಅಂತಹ ನ್ಯೂಟ್ರಾನು ನ್ಯೂಕ್ಲಿಯಸ್ಸಿನ ಇಂಥದೇ ಜಾಗಕ್ಕೆ ಬಡಿಯಿತು ಅಥವಾ ಪಕ್ಕದಲ್ಲಿ ಹಾದುಹೋಯಿತು ಎಂದು ಹೇಳುವುದಕ್ಕೆ ಅರ್ಥವೇ ಇರುವುದಿಲ್ಲ. ಅದರ ತರಂಗ ನ್ಯೂಕ್ಲಿಯಸ್ಸನ್ನು ಪೂರ್ತಿ ಆವರಿಸಿರುತ್ತದೆ. ನ್ಯೂಟ್ರಾನಿನ ಶಕ್ತಿಯು ನ್ಯೂಕ್ಲಿಯಸ್ಸಿನ ಒಂದು ಅನುರಣನ ಸ್ಥಿತಿಗೆ ಹತ್ತಿರವಾಗಿ ಹೊಂದಿಕೊಂಡರೆ ಹೀರಿಕೆಯ ಸಂಭವನೀಯತೆ ಅಪಾರವಾಗಿ ಏರುತ್ತದೆ. ಆದ್ದರಿಂದ ಅಡ್ಡಛೇದವನ್ನು ಒಂದು ಸಂಭವನೀಯತೆ ಎಂದೇ ಹೇಳಿಕೊಡಿ. ಅದರ ವರ್ಗಮೂಲ ತೆಗೆದು ‘ಇದು ನ್ಯೂಕ್ಲಿಯಸ್ಸಿನ ಗಾತ್ರ’ ಎಂದು ಬರೆದ ಉತ್ತರಗಳನ್ನು ಸ್ನಾತಕೋತ್ತರ ಮಟ್ಟದಲ್ಲಿಯೂ ನಾನು ನೋಡಿದ್ದೇನೆ.

ಪ್ರೋಟಾನು ಕುಗ್ಗಿಲ್ಲ. 1956ರಲ್ಲಿ ಮೆಕಾಲಿಸ್ಟರ್ ಮತ್ತು ಹಾಫ್‌ಸ್ಟಾಟರ್ ಮೊದಲು ಅಳೆದಾಗ ಸಿಕ್ಕಿದ ತ್ರಿಜ್ಯ 0.74 ಫೆಮ್ಟೋಮೀಟರ್, ಅನಿಶ್ಚಿತತೆ 0.24. ಮುಂದೆ ಹೆಚ್ಚು ನಿಖರವಾದ ಎಲೆಕ್ಟ್ರಾನ್ ಚದರುವಿಕೆ ಮತ್ತು ಹೈಡ್ರೋಜನ್ನಿನ ವರ್ಣಪಟಲದ ಅಳತೆಗಳಿಂದ 0.877ರ ಸಮೀಪದ ಬೆಲೆ ಅಂಗೀಕೃತವಾಯಿತು. 2010ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ, ಎಲೆಕ್ಟ್ರಾನಿನ ಬದಲು ಅದರ 207 ಪಟ್ಟು ದ್ರವ್ಯರಾಶಿಯ ಮ್ಯೂಯಾನನ್ನು ಪ್ರೋಟಾನಿನ ಸುತ್ತ ಇರಿಸಿ ಅಳೆದರು. ಮ್ಯೂಯಾನಿನ ಕಕ್ಷೆ 285 ಫೆಮ್ಟೋಮೀಟರಿನಷ್ಟು ಹತ್ತಿರವಿರುವುದರಿಂದ ಪ್ರೋಟಾನಿನ ಗಾತ್ರದ ಪ್ರಭಾವ ಅದರ ಶಕ್ತಿಮಟ್ಟಗಳ ಮೇಲೆ ಬಹಳ ಹೆಚ್ಚಾಗಿ ಕಾಣುತ್ತದೆ. ಬಂದ ಉತ್ತರ 0.842. ಶೇ. 4ರ ಈ ವ್ಯತ್ಯಾಸ ಆಗಿನ ಅನಿಶ್ಚಿತತೆಗಳಿಗಿಂತ ಬಹಳ ದೊಡ್ಡದಾಗಿದ್ದರಿಂದ ಹಲವು ವರ್ಷ ಚರ್ಚೆ ನಡೆಯಿತು. ಅನಂತರದ ಎಲೆಕ್ಟ್ರಾನ್ ಪ್ರಯೋಗಗಳಲ್ಲಿ ಹಲವು ಸಣ್ಣ ಬೆಲೆಯ ಕಡೆಗೇ ವಾಲಿದವು, ಮತ್ತು 2018ರ ಅಂತರರಾಷ್ಟ್ರೀಯ ಶಿಫಾರಸು ಬೆಲೆ 0.8414ಕ್ಕೆ ಬಂತು. ಪತ್ರಿಕೆಗಳು ‘ಕುಗ್ಗಿತು’ ಎಂದದ್ದು ಈ ಬದಲಾವಣೆಯನ್ನು. ಇಲ್ಲಿಯೂ ಅಳೆಯುತ್ತಿರುವುದು ಆವೇಶದ ಹರವು ಎಂಬುದನ್ನು ಮರೆಯಬಾರದು.

ಕೊನೆಯದಾಗಿ, ತರಗತಿಯಲ್ಲಿ ಯಾವುದನ್ನು ಬಳಸಬೇಕು ಎಂಬ ವ್ಯಾವಹಾರಿಕ ಪ್ರಶ್ನೆ. ಎಲ್ಲವನ್ನೂ ಮೀಟರಿನಲ್ಲಿ, ಹತ್ತರ ಘಾತಗಳಲ್ಲಿ ಬರೆಯುವುದು ಪರೀಕ್ಷೆಯ ದೃಷ್ಟಿಯಿಂದ ಸುರಕ್ಷಿತವೆನಿಸಿದರೂ, ತಪ್ಪುಗಳು ಹೆಚ್ಚಾಗಿ ನುಸುಳುವುದು ಅಲ್ಲಿಯೇ. ಘನ ಫೆಮ್ಟೋಮೀಟರನ್ನು 10⁻⁴⁵ ಘನ ಮೀಟರ್ ಎನ್ನುವ ಬದಲು 10⁻¹⁵ ಎಂದೇ ಬರೆದುಬಿಡುವುದು ಮೌಲ್ಯಮಾಪನದಲ್ಲಿ ಪದೇ ಪದೇ ಕಾಣುವ ದೋಷ, ಮತ್ತು ಅದರಿಂದ ನ್ಯೂಕ್ಲಿಯಸ್ಸಿನ ಸಾಂದ್ರತೆ 2.3×10¹⁷ ಕಿಲೋಗ್ರಾಂ ಪ್ರತಿ ಘನ ಮೀಟರ್ ಬರಬೇಕಾದಲ್ಲಿ ಅಸಂಬದ್ಧವಾದ ಸಂಖ್ಯೆ ಬರುತ್ತದೆ. ಸೆಂಟಿಮೀಟರನ್ನು ಹಳೆಯ ಪುಸ್ತಕ ಓದುವಾಗ ಗುರುತಿಸಲು ಮಾತ್ರ ಹೇಳಿಕೊಡಿ. ಲೆಕ್ಕದಲ್ಲಿ ಬೆರೆಸಿದರೆ ನೂರು ಪಟ್ಟಿನ ತಪ್ಪು ಖಚಿತ. ನನ್ನ ಆಯ್ಕೆ ಫೆಮ್ಟೋಮೀಟರ್ ಮತ್ತು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಳ ಜೋಡಿ, ಜೊತೆಗೆ ನೆನಪಿಡಬೇಕಾದ ಎರಡು ಸಂಖ್ಯೆಗಳು. ಒಂದು ಫೆಮ್ಟೋಮೀಟರ್ ಅಂತರದಲ್ಲಿರುವ ಎರಡು ಪ್ರೋಟಾನುಗಳ ವಿದ್ಯುತ್ ವಿಭವಶಕ್ತಿ 1.44 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಮತ್ತು 2π ಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಬರುವುದು 197.3, ಅದೇ ಜೋಡಿ ಏಕಮಾನಗಳಲ್ಲಿ.

ಆಲ್ಫಾ ಕಣದಲ್ಲಿ 2, ಚಿನ್ನದಲ್ಲಿ 79 ಪ್ರೋಟಾನುಗಳಿರುವುದರಿಂದ ರುದರ್‌ಫರ್ಡ್ ಲೆಕ್ಕ ಆಗ ಒಂದೇ ಸಾಲಿನದು: 2×79×1.44÷7.7, ಉತ್ತರ 29.5. ಹತ್ತರ ಘಾತ ಒಂದೂ ಇಲ್ಲ. ನ್ಯೂಕ್ಲಿಯರ್ ಬಲದ ವ್ಯಾಪ್ತಿಯ ಬಗ್ಗೆ ಯುಕಾವಾ 1935ರಲ್ಲಿ ಮಾಡಿದ ವಾದವೂ ಹಾಗೆಯೇ: ಆ ಬಲವನ್ನು ಹೊತ್ತೊಯ್ಯುವ ಕಣವಾದ ಪಯಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿ 139.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅದರಿಂದ 197.3ನ್ನು ಭಾಗಿಸಿದರೆ 1.4 ಫೆಮ್ಟೋಮೀಟರ್. ಉನ್ನತ ವ್ಯಾಸಂಗದ ಪುಸ್ತಕಗಳಲ್ಲಿ ಉದ್ದವನ್ನು ಶಕ್ತಿಯ ವಿಲೋಮದಲ್ಲಿ ಬರೆಯುವುದು ಇದೇ 197.3ನ್ನು 1 ಎಂದು ಎಣಿಸುವುದರಿಂದ. ಆ ಕ್ರಮವನ್ನು ಪಿಯುಸಿಯಲ್ಲಿ ತರಬೇಡಿ. ಏಕಮಾನಗಳು ಕಣ್ಣಿಗೆ ಕಾಣದಂತಾದರೆ ತಪ್ಪು ಹಿಡಿಯುವ ದಾರಿಯೂ ಮುಚ್ಚುತ್ತದೆ. ಲೆಕ್ಕವನ್ನು ಈ ಜೋಡಿ ಏಕಮಾನಗಳಲ್ಲಿ ಮಾಡಿಸಿ, ಅಂತಿಮ ಉತ್ತರವನ್ನು ಮಾತ್ರ ಒಮ್ಮೆ ಮೀಟರಿಗೆ ಪರಿವರ್ತಿಸಿ ಬರೆಯಲು ಹೇಳಿದರೆ ಪರೀಕ್ಷೆಗೂ ತೊಂದರೆಯಾಗುವುದಿಲ್ಲ. ಚಿನ್ನದ ತ್ರಿಜ್ಯ ಕೇಳಿದಾಗ ಪಿಯುಸಿ ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದು ಸೂತ್ರದಿಂದ ಬರುವ 7.0. 5.4 ಯಾವ ತ್ರಿಜ್ಯ ಎಂಬುದನ್ನು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯಿಂದಲೇ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿ.